ಬಲೆ ಹೆಣೆಯದ ಜೇಡ ಬೇಟೆಯಾಡುವುದು ಹೇಗೆ?

ಪ್ರಶ್ನೆ: ನಮ್ಮ ಭತ್ತದ ಗದ್ದೆಯ ಬದುವಿನ ಹುಲ್ಲಿನಲ್ಲಿ ಬೂದು ಬಣ್ಣದ ಜೇಡಗಳು ಸರಸರ ಓಡಾಡುತ್ತವೆ. ಬಲೆ ಮಾತ್ರ ಎಲ್ಲೂ ಇಲ್ಲ. ಕೆಲವು ಹಿಂಬದಿಗೆ ಬಿಳಿ ಗುಂಡೊಂದನ್ನು ಅಂಟಿಸಿಕೊಂಡಿರುತ್ತವೆ. ಇವು ಯಾವ ಜೇಡ? ವಿಷವಿದೆಯೇ? ಔಷಧಿ ಹೊಡೆಯಬೇಕೇ?

ಉತ್ತರ: ದಯವಿಟ್ಟು ಹೊಡೆಯಬೇಡಿ. ಆ ಗುಂಡಿನಿಂದಲೇ ಗುರುತು ಸಿಗುತ್ತದೆ, ಇವು ತೋಳ ಜೇಡಗಳು. ಹೆಸರು ತೋಳದ್ದಾದರೂ ಹಿಂಡು ಕಟ್ಟುವುದಿಲ್ಲ, ಬೇಟೆಯೆಲ್ಲ ಒಂಟಿಯಾಗಿಯೇ.

ಹುಲ್ಲಿನ ಬುಡದಲ್ಲಿ ಅಲ್ಲಾಡದೆ ಕೂತಿರುತ್ತವೆ. ಹುಳು ನಡೆದಾಗ ನೆಲದಲ್ಲಾಗುವ ಸಣ್ಣ ಅದುರು ಕಾಲುಗಳಿಗೆ ತಿಳಿಯುತ್ತದೆ. ಹತ್ತಿರ ಬಂದೊಡನೆ ಒಂದೇ ಓಟಕ್ಕೆ ಮೇಲೆಬಿದ್ದು, ಮುಂಗಾಲಲ್ಲಿ ಅವುಚಿ ಕಚ್ಚುತ್ತವೆ. ಕಣ್ಣು ಎಂಟು: ಕೆಳಸಾಲಲ್ಲಿ ನಾಲ್ಕು ಚಿಕ್ಕವು, ಅದರ ಮೇಲೆ ಎರಡು ದೊಡ್ಡವು, ಇನ್ನೆರಡು ನೆತ್ತಿಯ ಕಡೆಗೆ. ರಾತ್ರಿ ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದು ಬದುವಿನತ್ತ ಬಿಡಿ, ಹುಲ್ಲಿನೊಳಗೆ ಹಸಿರು ಚುಕ್ಕಿಗಳು ಮಿನುಗುತ್ತವೆ. ಅವೇ ಆ ಕಣ್ಣುಗಳು.

ಬಲೆ ಇಲ್ಲವೆಂದರೆ ನೂಲೇ ಇಲ್ಲವೆಂದಲ್ಲ. ಆ ಬಿಳಿ ಗುಂಡು ನೂಲಿನಿಂದ ಹೊಲಿದ ಮೊಟ್ಟೆಚೀಲ. ತಾಯಿ ಅದನ್ನು ಹೊತ್ತೇ ಬೇಟೆಗೆ ಹೋಗುತ್ತಾಳೆ, ಕಿತ್ತುಕೊಂಡರೆ ಹುಡುಕಾಡುತ್ತಾಳೆ. ಕಾಗದದ ಉಂಡೆ ಕೊಟ್ಟರೂ ತನ್ನದೆಂದು ಅಂಟಿಸಿಕೊಂಡದ್ದನ್ನು ಪ್ರಯೋಗಗಳಲ್ಲಿ ನೋಡಿದ್ದಾರೆ. ಮರಿಗಳು ಹೊರಬರುವ ಹೊತ್ತಿಗೆ ಚೀಲದ ಅಂಚನ್ನು ಅವಳೇ ಬಿಡಿಸುತ್ತಾಳೆ. ಅವು ಅವಳ ಕಾಲು ಹತ್ತಿ ಬೆನ್ನ ಮೇಲೆ ಗುಂಪಾಗಿ ಕೂರುತ್ತವೆ, ಕೆಲವು ದಿನ ಅಲ್ಲೇ ಸವಾರಿ. ಬೆನ್ನೆಲ್ಲ ಗಂಟುಗಂಟಾಗಿ ಕಾಣುವ ಜೇಡ ಕಂಡರೆ ಬಗ್ಗಿ ನೋಡಿ. ಅಂದಹಾಗೆ, ಇದೇ ಕುಟುಂಬದ ಹಿಪ್ಪಾಸ ಎಂಬ ಜೇಡ ಬಲೆ ಕಟ್ಟುತ್ತದೆ. ಇಬ್ಬನಿ ಬಿದ್ದ ಮುಂಜಾನೆ ಹುಲ್ಲಿನ ಮೇಲೆ ಕಾಣುವ ಆಲಿಕೆಯಾಕಾರದ ಬಲೆ ಬಹುಪಾಲು ಅದರದ್ದೇ.

ವಿಷವಿರುವುದು ಹುಳುಗಳಿಗಾಗಿ. ನಮಗೆ ಕಚ್ಚಿದರೆ ಸಾಮಾನ್ಯವಾಗಿ ಸ್ವಲ್ಪ ನೋವು, ಊತ, ಅಷ್ಟೇ. ಕೈಯಲ್ಲಿ ಅದುಮದಿದ್ದರೆ ಅವು ಕಚ್ಚಲು ಬರುವುದೇ ಇಲ್ಲ, ಓಡಿಹೋಗುತ್ತವೆ.

ನಿಮಗೆ ಮುಖ್ಯವಾದದ್ದು ಇದು: ಭತ್ತದ ರಸ ಹೀರುವ ಕಂದು ಜಿಗಿಹುಳುವನ್ನು ಹಿಡಿದು ತಿನ್ನುವವರಲ್ಲಿ ಪಾರ್ಡೋಸ ಸೂಡೋಆನುಲೇಟಾ ಎಂಬ ತೋಳ ಜೇಡಕ್ಕೆ ಮುಂಚೂಣಿಯ ಸ್ಥಾನ. ಜಿಗಿಹುಳು ಮೊಟ್ಟೆಯಿಡುವುದು ಎಲೆಗವಚದ ಒಳಗೆ. ಸಿಂಪಡಿಸಿದ ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ, ಆದರೆ ಬಯಲಲ್ಲಿ ಓಡಾಡುವ ಜೇಡ ಸಾಯುತ್ತದೆ. ಮೊಟ್ಟೆಯೊಡೆದು ಬಂದ ಹುಳುಗಳನ್ನು ತಿನ್ನುವವರೇ ಇಲ್ಲದೆ ಕಾಟ ಮೊದಲಿಗಿಂತ ಹೆಚ್ಚಾಗುತ್ತದೆ. ಬದುವಿನ ಹುಲ್ಲನ್ನೂ ಪೂರ್ತಿ ಕೆತ್ತಬೇಡಿ, ಕಟಾವಾದ ಮೇಲೆ ಈ ಜೇಡಗಳಿಗೆ ಉಳಿಯುವ ನೆಲೆ ಅದು.