ಭೂತಾನಿನಲ್ಲಿ ಎಂಟು ರಾತ್ರಿಗೆ ಐದು ಲಾಡ್ಜ್: ಇಷ್ಟು ಓಡಬೇಕಾ?

ಪ್ರಶ್ನೆ: ನನಗೆ 61, ನನ್ನ ಹೆಂಡತಿಗೆ 58. ಇಬ್ಬರೂ ಈಗಷ್ಟೇ ನಿವೃತ್ತರಾಗಿದ್ದೇವೆ. ಜೀವನದಲ್ಲಿ ಒಂದು ಸಲ ಕೈಬಿಚ್ಚಿ ಖರ್ಚು ಮಾಡಿ ಭೂತಾನ್ ನೋಡೋಣ ಅಂತ ನವೆಂಬರಿಗೆ ಹೊರಟಿದ್ದೇವೆ. ಏಜೆಂಟ್ ಎಂಟು ರಾತ್ರಿಯ ಪ್ಲ್ಯಾನ್ ಕಳಿಸಿದ್ದಾರೆ. ಪಾರೋ, ಥಿಂಪು, ಪುನಾಖಾ, ಗಾಂಗ್‌ಟೆ, ಬುಮ್ತಾಂಗ್, ಹೀಗೆ ಐದು ಕಡೆ ಐದು ಐಷಾರಾಮಿ ಲಾಡ್ಜ್. ಬುಮ್ತಾಂಗ್‌ನಿಂದ ಒಂದೇ ದಿನದಲ್ಲಿ ಕಾರಿನಲ್ಲಿ ಪಾರೋಗೆ ವಾಪಸ್. ಹೆಂಡತಿಗೆ ಮಂಡಿ ನೋವಿದೆ, ಘಾಟಿ ರಸ್ತೆಯಲ್ಲಿ ವಾಂತಿಯೂ ಆಗುತ್ತದೆ. ಈ ಪ್ಲ್ಯಾನ್ ಸರಿಯಿದೆಯೇ? (ಮೈಸೂರಿನ ಓದುಗರು)

ಉತ್ತರ: ಸರಿಯಿಲ್ಲ. ದಯವಿಟ್ಟು ಅಡ್ವಾನ್ಸ್ ಕಟ್ಟುವ ಮೊದಲು ಇದನ್ನು ಬದಲಾಯಿಸಿ.

ಪ್ಲ್ಯಾನಿನಲ್ಲಿರುವ ಜಾಗಗಳೆಲ್ಲ ಚೆನ್ನಾಗಿವೆ. ತೊಂದರೆ ಇರುವುದು ಮಧ್ಯದ ರಸ್ತೆಯಲ್ಲಿ. ಗಾಂಗ್‌ಟೆಯಿಂದ ಬುಮ್ತಾಂಗ್‌ಗೆ ಐದಾರು ಗಂಟೆ. ಪೆಲೆ ಲಾ, ಯೋಟಾಂಗ್ ಲಾ ಅಂತ ಎರಡು ಕಣಿವೆದಾರಿ ದಾಟಬೇಕು. ‘ಲಾ’ ಅಂದರೆ ಅಲ್ಲಿ ಬೆಟ್ಟದ ಮೇಲಿನ ದಾರಿ, ನಮ್ಮ ಘಾಟಿಯ ನೆತ್ತಿ ಇದ್ದ ಹಾಗೆ. ಎರಡೂ 3,400 ಮೀಟರಿಗಿಂತ ಎತ್ತರ. ಬುಮ್ತಾಂಗ್‌ನಿಂದ ಪಾರೋಗೆ ಒಂದೇ ದಿನದಲ್ಲಿ ವಾಪಸ್ ಅಂದರೆ ಒಂಬತ್ತು ಹತ್ತು ಗಂಟೆ, ಅದೂ ಪೂರ್ತಿ ತಿರುವು. ಚಾರ್ಮಾಡಿ ಘಾಟಿಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಹತ್ತಿ ಇಳಿದು ಹತ್ತಿ ಇಳಿದು ಮಾಡುವುದನ್ನು ಊಹಿಸಿಕೊಳ್ಳಿ. ನಿಮ್ಮ ಹೆಂಡತಿಗೆ ಇದು ಶಿಕ್ಷೆ.

ನಾನು ಮೊದಲ ಸಲ ಹೋದಾಗ ಇದೇ ತಪ್ಪು ಮಾಡಿದ್ದೆ. ಏಳು ರಾತ್ರಿಗೆ ಐದು ಕಡೆ ಬುಕ್ ಮಾಡಿದ್ದೆ. ಪ್ರತಿ ಸಂಜೆ ಕತ್ತಲಾದ ಮೇಲೆ ತಲುಪುವುದು, ಪೆಟ್ಟಿಗೆ ಬಿಚ್ಚುವುದು, ಊಟ, ನಿದ್ದೆ, ಬೆಳಿಗ್ಗೆ ಮತ್ತೆ ಪೆಟ್ಟಿಗೆ ಕಟ್ಟುವುದು. ರೂಮಿನ ಕಿಟಕಿಯಾಚೆ ಏನಿತ್ತು ಅಂತಲೂ ಸರಿಯಾಗಿ ನೋಡಲಿಲ್ಲ. ಅಷ್ಟು ದುಡ್ಡು ಕೊಟ್ಟದ್ದೇ ಆ ಕಿಟಕಿಗೆ ಅಲ್ವಾ?

ಲಾಡ್ಜ್ ಅನ್ನುವ ಪದದ ಬಗ್ಗೆ ಒಂದು ಮಾತು. ನಮ್ಮ ಕಡೆ ಲಾಡ್ಜ್ ಅಂದರೆ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ರಾತ್ರಿ ಕಳೆಯುವ ಜಾಗ. ಭೂತಾನಿನ ಈ ಲಾಡ್ಜ್‌ಗಳು ಅದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ರಾತ್ರಿಗಿಂತ ಹಗಲು ಕಳೆಯಬೇಕು. ಹತ್ತಿಪ್ಪತ್ತು ಕೋಣೆ ಮಾತ್ರ, ಕೆಲವು ಕಡೆ ಇನ್ನೂ ಕಡಿಮೆ. ಅಮಾನ್‌ಕೋರಾ ಅನ್ನುವ ಹೋಟೆಲಿನವರು 2004ರಲ್ಲಿ ಪಾರೋದಲ್ಲಿ ಮೊದಲ ಲಾಡ್ಜ್ ತೆರೆದು, ಆಮೇಲೆ ಒಂದೊಂದಾಗಿ ಐದು ಕಣಿವೆಗಳಲ್ಲಿ ಕಟ್ಟಿದರು. ಪುನಾಖಾ ಮತ್ತು ಗಾಂಗ್‌ಟೆಯಲ್ಲಿ ಅವರದು ಎಂಟೆಂಟೇ ಸೂಟ್. ಸಿಕ್ಸ್ ಸೆನ್ಸಸ್ ಅನ್ನುವ ಇನ್ನೊಂದು ಹೋಟೆಲ್ ಕಂಪನಿಯವರೂ ಅದೇ ಐದು ಕಣಿವೆಗಳನ್ನು ಆರಿಸಿಕೊಂಡರು. ‘ಕೋರಾ’ ಅಂದರೆ ಪ್ರದಕ್ಷಿಣೆ. ಒಂದು ಕಣಿವೆಯಿಂದ ಇನ್ನೊಂದಕ್ಕೆ ನಿಧಾನಕ್ಕೆ ಸುತ್ತಿ ಬರುವುದು ಅನ್ನುವ ಯೋಚನೆಯೇ ಆ ಹೆಸರಿನಲ್ಲಿದೆ. ಯೋಚನೆ ಒಳ್ಳೆಯದು, ಆದರೆ ಅದಕ್ಕೆ ಕನಿಷ್ಠ ಹನ್ನೆರಡು ರಾತ್ರಿ ಬೇಕು. ಎಂಟು ರಾತ್ರಿಯಲ್ಲಿ ಅದನ್ನು ತುರುಕಿದರೆ ಪ್ರದಕ್ಷಿಣೆ ಹೋಗಿ ಓಟದ ಪಂದ್ಯ ಆಗುತ್ತದೆ.

ಹಾಗಾಗಿ ಬುಮ್ತಾಂಗ್ ಬಿಡಿ. ಹೇಳಲು ನನಗೆ ಸಂಕಟವಾಗುತ್ತದೆ, ಯಾಕೆಂದರೆ ನನಗೆ ಇಡೀ ದೇಶದಲ್ಲಿ ಇಷ್ಟವಾದ ಜಾಗಗಳಲ್ಲಿ ಅದೂ ಒಂದು. ಏಳನೇ ಶತಮಾನದ್ದು ಅಂತ ಹೇಳುವ ಜಂಬೇ ಲಾಖಾಂಗ್ (ಲಾಖಾಂಗ್ ಅಂದರೆ ಗುಡಿ), ಹಿಮಾಲಯದ ಕಡೆ ಬೌದ್ಧ ಧರ್ಮ ಹರಡಿದ ಗುರು ಪದ್ಮಸಂಭವರ ಮೈಯ ಅಚ್ಚು ಬಂಡೆಯ ಮೇಲಿದೆ ಅಂತ ನಂಬುವ ಕುರ್ಜೇ ಲಾಖಾಂಗ್, ಬಕ್‌ವೀಟ್ ಅನ್ನುವ ಧಾನ್ಯದ ಹಿಟ್ಟಿನ ದಪ್ಪ ದೋಸೆ, ಎಲ್ಲವೂ ಅಲ್ಲಿವೆ. ಆದರೆ ಅದಕ್ಕೆ ಇನ್ನೊಂದು ಸಲ ಹೋಗಿ. ಇಲ್ಲವೇ ನಾಲ್ಕು ರಾತ್ರಿ ಸೇರಿಸಿ.

ಎಂಟು ರಾತ್ರಿಗೆ ನಾನು ಹೇಳುವುದು ಇಷ್ಟು. ಥಿಂಪುವಿನಲ್ಲಿ ಒಂದು ರಾತ್ರಿ, ಪುನಾಖಾದಲ್ಲಿ ಎರಡು, ಗಾಂಗ್‌ಟೆಯಲ್ಲಿ ಮೂರು, ಕೊನೆಗೆ ಪಾರೋದಲ್ಲಿ ಎರಡು.

ವಿಮಾನ ಇಳಿಯುವುದು ಪಾರೋದಲ್ಲೇ. ಆ ಕಣಿವೆಯ ತಳವೇ ಸುಮಾರು 2,200 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ. ಇಳಿದ ದಿನ ಏನೂ ಹತ್ತಬೇಡಿ. ಒಂದೂವರೆ ಗಂಟೆ ದೂರದ ಥಿಂಪುಗೆ ಹೋಗಿ, ಬಿಸಿ ಸೂಪ್ ಕುಡಿದು ಬೇಗ ಮಲಗಿ. ಮಾರನೇ ದಿನ ಬೆಳಿಗ್ಗೆ ದೋಚುಲಾ, 3,100 ಮೀಟರ್. ಅಲ್ಲಿ 108 ಸ್ತೂಪಗಳಿವೆ. ಆಕಾಶ ಸ್ವಚ್ಛವಾಗಿದ್ದರೆ ಉತ್ತರಕ್ಕೆ ಹಿಮಾಲಯದ ಸಾಲು ಕಾಣುತ್ತದೆ. ಅದರಲ್ಲಿ 7,570 ಮೀಟರಿನ ಗಾಂಗ್‌ಖಾರ್ ಪುಯೆನ್ಸುಮ್ ಇದೆ, ಇವತ್ತಿಗೂ ಯಾರೂ ಹತ್ತದ ಶಿಖರಗಳಲ್ಲಿ ಜಗತ್ತಿಗೇ ಎತ್ತರದ್ದು. ಭೂತಾನ್ 2003ರಿಂದ ಪರ್ವತಾರೋಹಣವನ್ನೇ ನಿಲ್ಲಿಸಿದೆ. ಬೆಟ್ಟದ ತುದಿ ದೇವತೆಗಳ ಮನೆ, ತುಳಿಯಬಾರದು ಅನ್ನುವುದು ಅಲ್ಲಿನ ಜನರ ನಂಬಿಕೆ.

ಪುನಾಖಾ ಬೆಚ್ಚಗಿನ ಕಣಿವೆ. ಎತ್ತರ ಸುಮಾರು 1,200 ಮೀಟರ್, ಹೆಚ್ಚು ಕಡಿಮೆ ಮಡಿಕೇರಿಯಷ್ಟು. ಭತ್ತದ ಗದ್ದೆ, ಬಾಳೆ, ಕಿತ್ತಳೆ, ಎಲ್ಲ ಕಂಡು ನಮ್ಮೂರಿಗೇ ಬಂದ ಹಾಗಾಗುತ್ತದೆ. ಫೋ ಛೂ, ಮೋ ಛೂ ಅಂತ ಗಂಡು ನದಿ, ಹೆಣ್ಣು ನದಿ ಸೇರುವ ಜಾಗದಲ್ಲಿ ಜೋಂಗ್ ಇದೆ. ಕೋಟೆ, ಮಠ, ಸರ್ಕಾರಿ ಕಚೇರಿ ಮೂರೂ ಒಂದೇ ಗೋಡೆಯೊಳಗೆ. ಭೂತಾನನ್ನು ಒಂದುಗೂಡಿಸಿದ ಗುರು ಜಬ್‌ಡ್ರುಂಗ್ ಙವಾಂಗ್ ನಮ್‌ಗ್ಯಾಲ್ 1637ರಲ್ಲಿ ಕಟ್ಟಿಸಲು ಶುರು ಮಾಡಿದ್ದು. ಚಳಿಗಾಲ ಬಂದರೆ ಥಿಂಪುವಿನ ದೊಡ್ಡ ಗುರುಗಳು ಭಿಕ್ಷುಗಳನ್ನು ಕರೆದುಕೊಂಡು ಇಲ್ಲಿಗೇ ಬಂದುಬಿಡುತ್ತಾರೆ. ಬೇಗ ಹೋಗಿ, ಪ್ರವಾಸಿಗರ ಗುಂಪು ಬರುವ ಮೊದಲು ಅಂಗಳದಲ್ಲಿ ಸುಮ್ನೆ ಕೂತುಕೊಳ್ಳಿ. ಇಲ್ಲಿ ಮೆಟ್ಟಿಲು ಸ್ವಲ್ಪ ಕಡಿದಾಗಿವೆ, ಮಂಡಿ ನೋವಿರುವ ಹೆಂಡತಿಯನ್ನು ಕೈ ಹಿಡಿದು ಹತ್ತಿಸಿ.

ಇನ್ನು ಗಾಂಗ್‌ಟೆ. ಮೂರು ರಾತ್ರಿ ಯಾಕೆ ಅಂತ ನೀವು ಕೇಳುತ್ತೀರಿ, ಏಜೆಂಟೂ ಕೇಳುತ್ತಾರೆ, ‘ಅಲ್ಲಿ ನೋಡೋಕೆ ಏನಿದೆ’ ಅಂತ. ಪಟ್ಟಿ ಮಾಡಿ ನೋಡುವಂಥದ್ದು ಜಾಸ್ತಿ ಇಲ್ಲ, ನಿಜ. ಫೋಬ್ಜಿಖಾ ಅಂತ ಬಟ್ಟಲಿನ ಹಾಗಿರುವ ಕಣಿವೆ, ಸುಮಾರು 2,900 ಮೀಟರ್ ಎತ್ತರ, ನಡುವೆ ಜೌಗು ಹುಲ್ಲುಗಾವಲು, ಅಂಚಿನಲ್ಲಿ ಆಲೂಗಡ್ಡೆ ಹೊಲ, ಮೇಲೆ ಪೈನ್ ಕಾಡು, ದಿಬ್ಬದ ಮೇಲೆ ಒಂದು ಮಠ. ಅಷ್ಟೇ. ಆದರೆ ಅಕ್ಟೋಬರ್ ಕೊನೆಯಿಂದ ಟಿಬೆಟ್ ಕಡೆಯಿಂದ ಕಪ್ಪು ಕತ್ತಿನ ಕೊಕ್ಕರೆಗಳು ಇಲ್ಲಿಗೆ ಬಂದಿಳಿಯುತ್ತವೆ, ಚಳಿಗಾಲ ಮುಗಿಯುವವರೆಗೆ ಇರುತ್ತವೆ. ಬರುವಾಗ, ಹೋಗುವಾಗ ಮಠಕ್ಕೆ ಮೂರು ಸುತ್ತು ಪ್ರದಕ್ಷಿಣೆ ಹಾಕುತ್ತವೆ ಅಂತ ಊರವರು ಹೇಳುತ್ತಾರೆ. ಈ ಹಕ್ಕಿಗಳ ರೆಕ್ಕೆಗೆ ತಗಲಬಾರದು ಅಂತ ಕಣಿವೆಯ ಕರೆಂಟ್ ತಂತಿಗಳನ್ನು ನೆಲದೊಳಗೆ ಹಾಕಿದ್ದಾರೆ. ಪ್ರತಿ ವರ್ಷ ನವೆಂಬರ್ 11ರಂದು ಮಠದ ಅಂಗಳದಲ್ಲಿ ಕೊಕ್ಕರೆ ಹಬ್ಬ, ಊರಿನ ಮಕ್ಕಳು ಹಕ್ಕಿಯ ವೇಷ ಹಾಕಿ ಕುಣಿಯುತ್ತಾರೆ. ನೀವು ಹೇಗೂ ನವೆಂಬರಿಗೆ ಹೊರಟಿದ್ದೀರಿ. ತಾರೀಕನ್ನು ಅದಕ್ಕೆ ಹೊಂದಿಸಿ, ರೂಮನ್ನು ಮಾತ್ರ ತುಂಬಾ ಮೊದಲೇ ಹಿಡಿಯಿರಿ.

ಮೊದಲ ದಿನ ಹಕ್ಕಿ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ, ಬೈನಾಕ್ಯುಲರ್ ಹಿಡಿದು ಗೈಡನ್ನು ಪೀಡಿಸುತ್ತೀರಿ. ಎರಡನೇ ದಿನ ಬೆಳಿಗ್ಗೆ ಮಂಜು ಏಳುವ ಮೊದಲೇ ಕೂಗಿನಿಂದ ಎಚ್ಚರವಾಗುತ್ತದೆ, ದೂರದಿಂದ ಯಾರೋ ಕಹಳೆ ಊದಿದ ಹಾಗೆ. ಮೂರನೇ ದಿನ ನೀವು ಬೈನಾಕ್ಯುಲರ್ ಮುಟ್ಟುವುದೇ ಇಲ್ಲ, ಬುಖಾರಿ ಅಂದರೆ ಕಟ್ಟಿಗೆ ಒಲೆಯ ಪಕ್ಕ ಕಾಲು ಚಾಚಿ ಕಿಟಕಿಯಿಂದ ನೋಡುತ್ತಾ ಕೂರುತ್ತೀರಿ, ಮಧ್ಯಾಹ್ನ ಆದದ್ದೂ ತಿಳಿಯುವುದಿಲ್ಲ. ಆ ಮೂರನೇ ದಿನಕ್ಕಾಗಿ ನಾನು ಇಷ್ಟೆಲ್ಲ ಹೇಳುತ್ತಿರುವುದು.

ನಡೆಯುವ ಆಸೆಯಿದ್ದರೆ ಮಠದ ಹತ್ತಿರದಿಂದ ಕೆಳಗಿನ ಹಳ್ಳಿಗಳವರೆಗೆ ಒಂದೂವರೆ ಎರಡು ಗಂಟೆಯ ದಾರಿ ಇದೆ. ಹೆಚ್ಚಿನಂಶ ಇಳಿಜಾರು. ಮಂಡಿಗೆ ಇಳಿಜಾರೇ ಕಷ್ಟ ಅನ್ನುವುದಾದರೆ ಕಣಿವೆಯ ತಳದ ಸಮತಟ್ಟು ಭಾಗದಲ್ಲಿ ಮಾತ್ರ ನಡೆಯಿರಿ, ಕೋಲು ಎರಡು ಇರಲಿ. ಜೌಗಿನೊಳಗೆ ಮಾತ್ರ ಕಾಲಿಡಬೇಡಿ, ಹಕ್ಕಿಗಳು ರಾತ್ರಿ ನಿಲ್ಲುವುದು ಅಲ್ಲೇ. ಸಂಜೆ ಲಾಡ್ಜ್‌ನಲ್ಲಿ ಬಿಸಿ ಕಲ್ಲಿನ ಸ್ನಾನ ಕೇಳಿ. ನದಿ ಕಲ್ಲುಗಳನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಮರದ ತೊಟ್ಟಿಯ ನೀರಿಗೆ ಬಿಡುತ್ತಾರೆ, ಒಳಗೆ ಕಾಡಿನ ಸೊಪ್ಪು ಹಾಕಿರುತ್ತಾರೆ. ನಮ್ಮ ಹಂಡೆ ಸ್ನಾನದ ಸುಖ ಗೊತ್ತಿದ್ದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ನೀವು ಮೈಸೂರಿನವರು, ಬೈಲಕುಪ್ಪೆಯ ನಮ್‌ಡ್ರೋಲಿಂಗ್ ಮಠವನ್ನು ನೋಡಿರುತ್ತೀರಿ. ಅಲ್ಲಿ ಚಿನ್ನದ ಬಣ್ಣದ ಮೂರು ದೊಡ್ಡ ಮೂರ್ತಿಗಳಲ್ಲಿ ಒಂದು ಪದ್ಮಸಂಭವರದು. ಗಾಂಗ್‌ಟೆ ಮಠದಲ್ಲೂ ಅದೇ ಗುರು. ಎರಡೂ ಟಿಬೆಟಿನ ಬೌದ್ಧ ಧರ್ಮದ ನಿಂಗ್ಮಾ ಪರಂಪರೆಯವು. ಭೂತಾನಿನ ಎಷ್ಟೋ ಭಿಕ್ಷುಗಳು ಓದಿಗೆ ಬೈಲಕುಪ್ಪೆಗೆ ಬರುತ್ತಾರೆ. ಭಿಕ್ಷುಗಳ ಜೊತೆ ಮಾತಿಗೆ ಕೂತಾಗ ಬೈಲಕುಪ್ಪೆಯ ಹೆಸರು ಹೇಳಿ ನೋಡಿ. ಒಬ್ಬರು ನನ್ನ ಹತ್ತಿರ ‘ಊಟ ಆಯ್ತಾ’ ಅಂತ ಕನ್ನಡದಲ್ಲೇ ಕೇಳಿದ್ದರು.

ಕೊನೆಗೆ ಪಾರೋ. ಗಾಂಗ್‌ಟೆಯಿಂದ ಆರು ಗಂಟೆ ದಾರಿ, ಮಧ್ಯೆ ಥಿಂಪುವಿನಲ್ಲಿ ಊಟಕ್ಕೆ ನಿಲ್ಲಿ. ಹುಲಿಯ ಗೂಡು ಅನ್ನುವ ತಕ್‌ತ್ಸಾಂಗ್ ಮಠಕ್ಕೆ ಎಲ್ಲರೂ ಹತ್ತುತ್ತಾರೆ. 1692ರಲ್ಲಿ ಕಟ್ಟಿದ್ದು, 1998ರಲ್ಲಿ ಬೆಂಕಿಗೆ ಸುಟ್ಟು ಮತ್ತೆ ಕಟ್ಟಿದ್ದು, ಕಣಿವೆಯಿಂದ ಸುಮಾರು 900 ಮೀಟರ್ ಮೇಲೆ ಬಂಡೆಗೆ ಅಂಟಿಕೊಂಡಿದೆ. ನಿಮ್ಮ ಹೆಂಡತಿ ಪೂರ್ತಿ ಹತ್ತುವುದು ಬೇಡ. ಕುದುರೆ ಸಿಗುತ್ತದೆ, ಆದರೆ ಕೊನೆಯವರೆಗೆ ಹೋಗುವುದಿಲ್ಲ, ಇಳಿಯುವಾಗ ನಡೆದೇ ಬರಬೇಕು. ಕೊನೆಯಲ್ಲಿ ನೂರಾರು ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು. ಅರ್ಧ ದಾರಿಯಲ್ಲಿ ಒಂದು ಕೆಫೆಟೇರಿಯಾ ಇದೆ, ಮಠ ಎದುರಿಗೇ ಕಾಣುತ್ತದೆ. ಅಲ್ಲಿಯವರೆಗೆ ನಿಧಾನಕ್ಕೆ ಹೋಗಿ ಚಹಾ ಕುಡಿದು ಬಂದರೆ ಏನೂ ಕಳೆದುಕೊಂಡ ಹಾಗಲ್ಲ. ಅದೂ ಆಗದಿದ್ದರೆ ಕೆಳಗೆ ಕಿಚು ಲಾಖಾಂಗ್ ಇದೆ, ಹತ್ತುವ ಕೆಲಸವೇ ಇಲ್ಲ. ಅಜ್ಜ ಅಜ್ಜಿಯರು ಜಪಮಣಿ ಹಿಡಿದು ಸುತ್ತು ಹಾಕುತ್ತಿರುತ್ತಾರೆ, ನೀವೂ ಗುಡಿ ಬಲಗಡೆಗೆ ಇರುವ ಹಾಗೆ ಅವರ ಹಿಂದೆ ಸುತ್ತಿ.

ಪ್ರಶ್ನೆ: ಇಷ್ಟು ದುಬಾರಿ ಲಾಡ್ಜ್ ನಮ್ಮ ಕೈಗೆಟುಕುವುದಿಲ್ಲ. ಆದರೆ ನಿಧಾನಕ್ಕೆ ಸುತ್ತುವ ಆಸೆ ಇದೆ. ದಾರಿ ಇದೆಯೇ? ಬೌದ್ಧ ದೇಶದಲ್ಲಿ ಐಷಾರಾಮ ಅಂದರೆ ಏನೋ ಹೊಂದುವುದಿಲ್ಲ ಅಂತಲೂ ಅನಿಸುತ್ತದೆ. (ದಾವಣಗೆರೆಯ ಓದುಗರು)

ಉತ್ತರ: ದಾರಿ ಇದೆ. ದೊಡ್ಡ ಲಾಡ್ಜ್‌ಗಳಲ್ಲಿ ಒಂದು ರಾತ್ರಿಗೆ ಒಂದು ಲಕ್ಷ ರೂಪಾಯಿ ದಾಟುವುದುಂಟು, ಅದು ಎಲ್ಲರಿಗೂ ಆಗುವ ಮಾತಲ್ಲ. ನಾನು ಎಷ್ಟೋ ಮನೆಯವರಿಗೆ ಹೇಳುವುದು ಹೀಗೆ: ಎಲ್ಲ ಕಡೆ ಸಾಧಾರಣ ಹೋಟೆಲ್ ಅಥವಾ ರೈತರ ಮನೆಯ ಹೋಮ್‌ಸ್ಟೇ ಹಿಡಿಯಿರಿ, ಫೋಬ್ಜಿಖಾದಲ್ಲಿ ಮಾತ್ರ ಎರಡು ರಾತ್ರಿ ಒಳ್ಳೆಯ ಲಾಡ್ಜ್‌ಗೆ ದುಡ್ಡು ಹಾಕಿ. ಯಾಕೆಂದರೆ ಅಲ್ಲಿ ಚಳಿ ಜಾಸ್ತಿ, ಚಳಿಗಾಲದ ರಾತ್ರಿ ಶೂನ್ಯಕ್ಕಿಂತ ಕೆಳಗೆ ಇಳಿಯುತ್ತದೆ. ಬೆಚ್ಚಗಿನ ಕೋಣೆ, ಕದ್ದು ನುಗ್ಗುವ ಗಾಳಿ ಇಲ್ಲದ ಕಿಟಕಿ, ಕಟ್ಟಿಗೆ ಒಲೆ ನೋಡಿಕೊಳ್ಳುವ ಜನ, ಇವೇ ಅಲ್ಲಿನ ನಿಜವಾದ ಐಷಾರಾಮ. ಬಂಗಾರದ ನಲ್ಲಿ, ಝಗಮಗ ದೀಪ ಅಲ್ಲಿ ಕಾಣುವುದಿಲ್ಲ. ಮಣ್ಣು, ಕಲ್ಲು, ಮರ, ಅಷ್ಟೇ.

ಹೊಂದುವುದಿಲ್ಲ ಅನ್ನುವ ನಿಮ್ಮ ಮಾತನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ನನಗೂ ಅದು ಕಾಡಿದೆ. ಆದರೆ ಭೂತಾನ್ 1974ರಲ್ಲಿ ಹೊರಗಿನವರಿಗೆ ಬಾಗಿಲು ತೆರೆದಾಗಿನಿಂದ ಕಡಿಮೆ ಜನ ಬರಲಿ, ಬಂದವರು ಹೆಚ್ಚು ಕೊಡಲಿ ಅನ್ನುವ ಲೆಕ್ಕ ಇಟ್ಟುಕೊಂಡಿದೆ. 2022ರ ಸೆಪ್ಟೆಂಬರಿನಿಂದ ನಮ್ಮ ಮೇಲೂ ತಲೆಗೆ ಒಂದು ರಾತ್ರಿಗೆ 1,200 ರೂಪಾಯಿ ಶುಲ್ಕ ಇದೆ, ಬೇರೆ ದೇಶದವರಿಗೆ ಇನ್ನೂ ತುಂಬಾ ಜಾಸ್ತಿ. ದೇಶದ ಕನಿಷ್ಠ ಶೇ 60ರಷ್ಟು ಯಾವತ್ತಿಗೂ ಕಾಡಾಗಿಯೇ ಇರಬೇಕು ಅಂತ ಅವರ ಸಂವಿಧಾನವೇ ಹೇಳುತ್ತದೆ. ನಮ್ಮ ಗಿರಿಧಾಮಗಳಿಗೆ ಶನಿವಾರ ಭಾನುವಾರ ಹೋಗಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ಈ ಲೆಕ್ಕದ ಬೆಲೆ ಅರ್ಥವಾಗುತ್ತದೆ. ನನಗೆ ಆ ಶುಲ್ಕ ಕೊಡುವಾಗ ಒಂದು ದಿನವೂ ಬೇಜಾರಾಗಿಲ್ಲ.

ಪ್ರಶ್ನೆ: ನಮ್ಮ ತಾಯಿ ಶುದ್ಧ ಸಸ್ಯಾಹಾರಿ, ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಅಲ್ಲಿ ಊಟಕ್ಕೆ ಏನು ಮಾಡುವುದು? ಯಾವ ದಾಖಲೆ ಬೇಕು? (ಉಡುಪಿಯ ಓದುಗರು)

ಉತ್ತರ: ಸಸ್ಯಾಹಾರ ಸುಲಭ. ಎಮಾ ದತ್ಶಿ ಅಂದರೆ ಮೆಣಸಿನಕಾಯಿಯನ್ನೇ ತರಕಾರಿ ಮಾಡಿ ಚೀಸಿನಲ್ಲಿ ಬೇಯಿಸಿದ್ದು, ಕೇವಾ ದತ್ಶಿ ಅಂದರೆ ಆಲೂಗಡ್ಡೆಯದ್ದು. ಜೊತೆಗೆ ಕೆಂಪಕ್ಕಿ ಅನ್ನ, ನಮ್ಮ ಕರಾವಳಿಯ ಕುಚ್ಚಲಕ್ಕಿ ಉಂಡವರಿಗೆ ಇಷ್ಟವಾಗುತ್ತದೆ. ಆದರೆ ಇವಕ್ಕೆಲ್ಲ ಬೆಳ್ಳುಳ್ಳಿ ಈರುಳ್ಳಿ ಹಾಕುವುದು ಸಾಮಾನ್ಯ. ಬುಕಿಂಗ್ ಮಾಡುವಾಗಲೇ ಬರೆದು ತಿಳಿಸಿ, ಹೋದ ದಿನ ಅಡುಗೆಯವರಿಗೆ ಮತ್ತೆ ಹೇಳಿ. ಸಣ್ಣ ಲಾಡ್ಜ್‌ಗಳಲ್ಲಿ ಅಡುಗೆಯವರು ಹೊರಗೆ ಬಂದು ಮಾತಾಡಿಸಿ ಪ್ರೀತಿಯಿಂದ ಬೇರೆ ಮಾಡಿಕೊಡುತ್ತಾರೆ. ದಾರಿಯ ಊಟಕ್ಕೆ ಮಾತ್ರ ನಂಬಿಕೊಳ್ಳಬೇಡಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಜೊತೆಗಿರಲಿ. ‘ಸುಜಾ’ ಅಂದರೆ ಬೆಣ್ಣೆ ಉಪ್ಪು ಹಾಕಿದ ಚಹಾ, ಸಿಹಿ ಚಹಾ ಬೇಕಾದರೆ ‘ನಾಜಾ’ ಅಂತ ಕೇಳಿ.

ದಾಖಲೆಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ. ವೀಸಾ ಬೇಡ, ಪರ್ಮಿಟ್ ಬೇಕು. ಆಧಾರ್ ನಡೆಯುವುದಿಲ್ಲ, ಇದನ್ನು ಏರ್‌ಪೋರ್ಟ್‌ಗೆ ಹೋಗಿ ತಿಳಿದುಕೊಂಡು ಅತ್ತವರನ್ನು ನೋಡಿದ್ದೇನೆ. ಪಾರೋದಲ್ಲಿ ವಿಮಾನ ಇಳಿಯುವುದು ಹಗಲಿನಲ್ಲಿ, ಅದೂ ಪೈಲಟ್ ಕಣ್ಣಿಗೆ ಬೆಟ್ಟ ಕಾಣುವಾಗ ಮಾತ್ರ. ಮೋಡ ಕವಿದರೆ ತಡ, ಕೆಲವೊಮ್ಮೆ ರದ್ದು. ಅದಕ್ಕೆ ವಾಪಸ್ ಬರುವಾಗ ಕೋಲ್ಕತ್ತಾ ಅಥವಾ ದೆಹಲಿಯಲ್ಲಿ ಒಂದು ರಾತ್ರಿ ಬಿಟ್ಟುಕೊಂಡು ಬೆಂಗಳೂರಿನ ಟಿಕೆಟ್ ಮಾಡಿಸಿ. ದೆಹಲಿಯಿಂದ ಹೋಗುವುದಾದರೆ ತಾಯಿಗೆ ಎಡಗಡೆಯ ಕಿಟಕಿ ಸೀಟು ಕೇಳಿ, ಆಕಾಶ ಸ್ವಚ್ಛವಾಗಿದ್ದರೆ ಎವರೆಸ್ಟ್ ಆ ಕಡೆಯೇ ಕಾಣುತ್ತದೆ.