ಹಾಲ್ಮಾ ಅನ್ನುವ ಬೋರ್ಡ್ ಗೇಮ್ ಮಾಡಿದ ಸರ್ಜನ್ ಹಾಗೆ ನಾನೂ ಒಂದು ಆಟ ಮಾಡಬೇಕು. ಸರ್ಜರಿ ಪಿಜಿ ಓದು ಬಿಡಲಾ?

ಬಿಡುವುದು ಯಾಕೆ? ಆ ಡಾಕ್ಟರೇ ಬಿಡಲಿಲ್ಲವಲ್ಲ! ಜಾರ್ಜ್ ಹೊವಾರ್ಡ್ ಮಾಂಕ್ಸ್ ಬಾಸ್ಟನ್ನಿನಲ್ಲಿ ಹಾಲ್ಮಾ ಮಾಡಿದ್ದು 1883-84ರಲ್ಲಿ, ಮೂವತ್ತರ ಆಸುಪಾಸಿನಲ್ಲಿ. ಅದೇ ಮನುಷ್ಯ 1898ರಲ್ಲಿ ಹಣೆಯ ಚರ್ಮವನ್ನು ರಕ್ತನಾಳದ ಸಮೇತ ತಂದು ಕಣ್ಣಿನ ಕೆಳರೆಪ್ಪೆ ಕಟ್ಟುವ ವಿಧಾನವನ್ನೂ ಬರೆದರು. ಎರಡರಲ್ಲಿ ಒಂದು ಅನ್ನುವ ನಿಮ್ಮ ಲೆಕ್ಕವೇ ತಪ್ಪು.

ನಾನೂ ಪಿಜಿ ಎರಡನೇ ವರ್ಷದಲ್ಲಿ ಇದನ್ನೇ ತಲೆಗೆ ಹಚ್ಚಿಕೊಂಡಿದ್ದೆ. ನಮ್ಮದು ವಿರಾಜಪೇಟೆ ಕಡೆ ಕಾಫಿ ತೋಟ. ನನ್ನ ಆಟವೂ ಅಲ್ಲಿಯದೇ: ನಾಲ್ಕು ಆನೆ ಹಲಸಿನ ಮರ ಮುಟ್ಟಬೇಕು, ಹನ್ನೆರಡು ತೋಟದವರು ತಡೆಯಬೇಕು. ಆಡು ಹುಲಿ ಆಟದ ತಮ್ಮ ಅನ್ನಿ. ನೈಟ್ ಡ್ಯೂಟಿಯಲ್ಲಿ ಸೂಜಿಯ ಕ್ಯಾಪ್‌ಗಳನ್ನೇ ಕಾಯಿ ಮಾಡಿಕೊಂಡು ಆಡಿದೆವು, ಎಲ್ಲರಿಗೂ ಹಿಡಿಸಿತು, ನಾನು ಉಬ್ಬಿ ಉಳಿಸಿದ್ದ ಸ್ಟೈಪೆಂಡ್ ಎಲ್ಲ ಸುರಿದು 300 ಸೆಟ್ ಮಾಡಿಸಿಬಿಟ್ಟೆ.

ತಪ್ಪು ಆಗಿದ್ದು ಇಲ್ಲಿ. ಗಮನ ಇಟ್ಟು ಓದಿ. ಎರಡು ಎಂಎಂ ರಟ್ಟಿನ ಮೇಲೆ ಚಿತ್ರದ ಕಾಗದ ಅಂಟಿಸಿದರು. ಹಿಂಬದಿಗೂ ಕಾಗದ ಹಾಕಲಾ ಅಂತ ಪ್ರೆಸ್ಸಿನವರು ಕೇಳಿದರು, ದುಡ್ಡು ಉಳಿಯಲಿ ಅಂತ ನಾನೇ ಬೇಡ ಅಂದೆ. ಬಾಕ್ಸುಗಳು ಮೇ ಕೊನೆಗೆ ಮನೆಗೆ ಬಂದವು. ಜೂನ್‌ನಲ್ಲಿ ನಮ್ಮೂರಿನ ಮಳೆ ಹಿಡಿಯಿತು. ಕಾಗದ ಇದ್ದ ಬದಿ ತೇವ ಅಷ್ಟಾಗಿ ಎಳೆಯಲಿಲ್ಲ, ಬೆತ್ತಲೆ ರಟ್ಟು ಎಳೆದು ಹಿಗ್ಗಿತು. ಒಂದು ಬದಿ ಹಿಗ್ಗಿ ಇನ್ನೊಂದು ಬದಿ ಹಾಗೇ ಇದ್ದರೆ ಏನಾಗುತ್ತೆ? ಮೂಲೆಗಳು ಮೇಲೆದ್ದು ಬೋರ್ಡು ಬಟ್ಟಲಾಯಿತು, ಆನೆಗಳೆಲ್ಲ ನಡುವಿಗೆ ಜಾರಿದವು. ಅಮ್ಮ ಪಾಪ ಒಂದಷ್ಟನ್ನು ಒಲೆ ಹತ್ತಿರ ಒಣಗಿಸಿದರು. ಅವು ಬೋರಲು ಹಾಕಿದ ಬಟ್ಟಲಾದವು! ಸುಟ್ಟ ಗಾಯ ಮಾಗುವಾಗ ಒಂದೇ ಕಡೆ ಚರ್ಮ ಎಳೆದು ಬೆರಳು ಮಡಚಿಕೊಳ್ಳುವುದನ್ನು ದಿನಾ ವಾರ್ಡಿನಲ್ಲಿ ನೋಡುತ್ತಿದ್ದವನು ನಾನು. ತೇವಾಂಶ ನೋಡದೆ ಒಂದು ಮೂಟೆ ಕಾಫಿಯನ್ನೂ ಮಾರದ ಮನೆಯಲ್ಲಿ ಹುಟ್ಟಿದವನು ಬೇರೆ. ಆದರೂ ಹೊಳೆಯಲಿಲ್ಲ. ಎರಡೂ ಬದಿಗೆ ಕಾಗದ ಹಾಕಿಸಿ, ಅದೂ ಮಳೆ ಮುಗಿದ ಮೇಲೆ ಮಾಡಿಸಿ. ಅದಕ್ಕೂ ಮೊದಲು 10 ಸೆಟ್ ಸಾಕು.

ಆ ವರ್ಷ ನಾನು ಸರ್ಜರಿ ಬಿಟ್ಟಿದ್ದರೆ ಸೊಟ್ಟ ರಟ್ಟು ಬಿಟ್ಟು ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಹೆಸರಿನ ಆಸೆಯೂ ಜಾಸ್ತಿ ಬೇಡ. ಹಾಲ್ಮಾ ಆಡುವುದು ಚೌಕ ಬೋರ್ಡಿನ ಮೇಲೆ. ಅದನ್ನೇ ಜರ್ಮನಿಯವರು 1892ರಲ್ಲಿ ನಕ್ಷತ್ರದ ಆಕಾರಕ್ಕೆ ತಂದರು, ಆಮೇಲೆ ಅದು ಚೈನೀಸ್ ಚೆಕರ್ಸ್ ಆಯಿತು. ಚೀನಾಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಮನೆಯಲ್ಲೂ ಅದಿತ್ತು, ಮಾಂಕ್ಸ್ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ನನ್ನ ಸೆಟ್ಟುಗಳು ಅಟ್ಟದ ಮೇಲೆ ಇನ್ನೂ ಇವೆ. ಬೇಕಿದ್ದರೆ ಒಂದು ಕಳಿಸುತ್ತೇನೆ, ಆಡುವಾಗ ನಾಲ್ಕೂ ಮೂಲೆಗೆ ಕಾಫಿ ಲೋಟ ಇಟ್ಟುಕೊಳ್ಳಿ.