ಕುರ್ವೆಯ ಕೇರಿಗಳು ಜನಗಣತಿಯ ಕಣ್ಣಿಗೆ ಬಿದ್ದಿಲ್ಲ

ನಕ್ಷೆ ಮತ್ತು ಜನಗಣತಿಯ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಊರಿನ ಹೆಸರಿನಲ್ಲಿ ಕೇಳುತ್ತವೆ. ಹೊನ್ನಾವರದಿಂದ ಒಂದು, ಕುಮಟಾದಿಂದ ಇನ್ನೊಂದು, ಕಾರವಾರದ ಕಾಳಿ ನದಿಯ ದಡದಿಂದ ಮತ್ತೊಂದು. ನಮ್ಮ ಕುರ್ವೆಯ, ಅಂದರೆ ಹೊಳೆಯ ನಡುವಿನ ದ್ವೀಪದ, ಕೇರಿಗಳ ಬದುಕನ್ನು ಜನಗಣತಿಯ ಅಂಕಿಯಿಂದ ನಕ್ಷೆ ಮಾಡಬಹುದೇ ಎಂಬುದೇ ಆ ಪ್ರಶ್ನೆ. ಈ ಸಲ ವಿವರವಾಗಿ ಬರೆದುಬಿಡುತ್ತೇನೆ. ಸ್ಪ್ರೆಡ್‌ಶೀಟ್ ತುಂಬುವುದು ಹೇಗೆ, ನಕ್ಷೆಯ ತಂತ್ರಾಂಶ ಎಲ್ಲಿ ಸಿಗುತ್ತದೆ ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ. ಅದನ್ನು ಮನೆಯ ಹೈಸ್ಕೂಲು ಮಕ್ಕಳೇ ಹೇಳಿಕೊಡುತ್ತಾರೆ.

ಪ್ರಶ್ನೆ: ಕೂರ್ಮಗಡ, ನೇತ್ರಾಣಿ, ಅಂಜುದೀವ ದ್ವೀಪಗಳ ಜನಜೀವನದ ನಕ್ಷೆ ಮಾಡಬಹುದೇ?

ಜನರಿದ್ದರೆ ತಾನೇ ಜನಜೀವನ? ನೇತ್ರಾಣಿಯಲ್ಲಿ ಊರಿಲ್ಲ. ಕೂರ್ಮಗಡಕ್ಕೆ ನರಸಿಂಹ ದೇವರ ಜಾತ್ರೆಯ ದಿನ ದೋಣಿ ತುಂಬ ಹೋಗುವವರು ದರ್ಶನ ಮುಗಿಸಿ ದಡಕ್ಕೆ ಮರಳುತ್ತಾರೆ. ಅಂಜುದೀವ ಕಾರವಾರದ ಕಣ್ಣೆದುರಿಗಿದ್ದರೂ ಗೋವಾ ರಾಜ್ಯಕ್ಕೆ ಸೇರಿದ್ದು, ನೌಕಾಪಡೆಯ ವಶದಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಜನ ಬಾಳುವ ದ್ವೀಪ ಬೇಕಿದ್ದರೆ ಕಡಲಿನಲ್ಲಿ ಹುಡುಕಬೇಡಿ, ಹೊಳೆಗಳು ಕಡಲು ಸೇರುವಲ್ಲಿ ಹುಡುಕಿ. ಶರಾವತಿಯ ಮಾವಿನಕುರ್ವೆ, ಅಘನಾಶಿನಿಯ ಐಗಳಕುರ್ವೆಯಂಥವು ಅಲ್ಲಿವೆ.

ಪ್ರಶ್ನೆ: ಜನಗಣತಿಯಿಂದ ಕೇರಿವಾರು ಆದಾಯ ತಿಳಿಯಬಹುದೇ?

ಜನಗಣತಿ ಆದಾಯವನ್ನು ಕೇಳುವುದೇ ಇಲ್ಲ. ‘2011ರ ಜನಗಣತಿಯ ಪ್ರಕಾರ ತಲಾ ಆದಾಯ’ ಎಂದು ಬರೆದ ವರದಿ ಕೈಗೆ ಸಿಕ್ಕರೆ ಮುಂದಿನ ಪುಟ ತಿರುಗಿಸುವ ಕಷ್ಟವನ್ನೂ ತೆಗೆದುಕೊಳ್ಳಬೇಡಿ.

ಪ್ರಶ್ನೆ: ಗಣತಿಯಲ್ಲಿ ಮನೆ ಶಿಥಿಲವಾಗಿದೆ ಎಂದು ಬರೆಸಿದರೆ ಬಿಪಿಎಲ್ ಕಾರ್ಡು ಸಿಗುತ್ತದೆಯೇ?

ಇಲ್ಲ. ಚೆನ್ನಾಗಿದೆ ಎಂದು ಬರೆಸಿದರೆ ಇರುವ ಕಾರ್ಡು ಹೋಗುವುದೂ ಇಲ್ಲ.

ಪ್ರಶ್ನೆ: ನಮ್ಮದು ಹೊಳೆಯ ನಡುವಿನ ಕುರ್ವೆ. ಐದು ಕೇರಿಗಳಿವೆ, ಒಟ್ಟು ನೂರಮೂವತ್ತರ ಆಸುಪಾಸು ಮನೆಗಳು. ಅತಿ ಸಣ್ಣ ಕೇರಿಯಲ್ಲಿ ಒಂಬತ್ತೇ ಮನೆ. ಯಾವ ಕೇರಿಯ ಬದುಕು ಎಷ್ಟು ಕಷ್ಟದಲ್ಲಿದೆ ಎಂಬುದನ್ನು 2011ರ ಜನಗಣತಿಯ ಅಂಕಿಅಂಶಗಳಿಂದ ನಕ್ಷೆ ಮಾಡಿ ಗ್ರಾಮಸಭೆಯ ಮುಂದಿಡಬೇಕೆಂದಿದ್ದೇವೆ. ಮಾರಿಷಸ್ ದ್ವೀಪದಲ್ಲಿ ಬಳಸಿದ ಸೂಚ್ಯಂಕದ ಮಾದರಿಯಲ್ಲೇ ಮಾಡಿಕೊಡುವುದಾಗಿ ಒಂದು ಸಂಸ್ಥೆ ಹೇಳುತ್ತಿದೆ. ಒಪ್ಪಬಹುದೇ?

ಒಪ್ಪಬೇಡಿ. ಮುಂಗಡ ಕೊಟ್ಟಿದ್ದರೆ ವಾಪಸು ಕೇಳಿ.

ಜನಗಣತಿಯ ಅಂಕಿಅಂಶ ಹಳ್ಳಿಗಾಡಿನಲ್ಲಿ ಕಂದಾಯ ಗ್ರಾಮದ ಮಟ್ಟಕ್ಕೆ, ಪಟ್ಟಣದಲ್ಲಿ ವಾರ್ಡಿನ ಮಟ್ಟಕ್ಕೆ ಪ್ರಕಟವಾಗುತ್ತದೆ. ಅದರ ಕೆಳಗೆ ಇಳಿಯುವುದಿಲ್ಲ. ನಿಮ್ಮ ಕುರ್ವೆ ಸ್ವತಂತ್ರ ಕಂದಾಯ ಗ್ರಾಮವಾಗಿದ್ದರೆ ಇಡೀ ಕುರ್ವೆಗೆ ಕೋಷ್ಟಕದಲ್ಲಿ ಒಂದು ಸಾಲು. ಆಚೆ ದಡದ ಗ್ರಾಮಕ್ಕೆ ಸೇರಿದ ಮಜರೆ, ಅಂದರೆ ಉಪಗ್ರಾಮ, ಆಗಿದ್ದರೆ ಆ ಒಂದು ಸಾಲೂ ನಿಮ್ಮದಲ್ಲ. ದಡದ ಮನೆಗಳ ಜೊತೆ ಕಲಸಿ ಹೋಗಿರುತ್ತದೆ. ಒಬ್ಬ ಗಣತಿದಾರರಿಗೆ ಒಪ್ಪಿಸುವ ಬ್ಲಾಕು ಸುಮಾರು 125ರಿಂದ 150 ಕುಟುಂಬಗಳದ್ದು. ಅಂದರೆ ನಿಮ್ಮ ಐದೂ ಕೇರಿ ಸೇರಿ ಹೆಚ್ಚುಕಡಿಮೆ ಒಂದು ಬ್ಲಾಕು. ಮನೆಮನೆಯ ಹಾಳೆಯನ್ನು ತಾಲ್ಲೂಕು ಕಚೇರಿಯಿಂದ ಪಡೆಯುತ್ತೇವೆ ಎನ್ನುವವರು 1948ರ ಜನಗಣತಿ ಕಾಯ್ದೆಯ 15ನೇ ಕಲಮು ಓದಲಿ. ಆ ದಾಖಲೆ ಯಾರ ಪರಿಶೀಲನೆಗೂ ತೆರೆದಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಬರೆದು ಕಾಗದ ದಂಡ ಮಾಡಬೇಡಿ.

ಹಾಗಾದರೆ ಆ ಸಂಸ್ಥೆ ಕೇರಿವಾರು ಅಂಕಿಯನ್ನು ಎಲ್ಲಿಂದ ತರುತ್ತದೆ? ಇಂಥವರ ಕೆಲಸ ನೋಡಿ ನೋಡಿ ನನಗೆ ಅಡುಗೆಯ ಕ್ರಮವೇ ಬಾಯಿಪಾಠವಾಗಿದೆ. ಗ್ರಾಮದ ಶೇಕಡಾವಾರು ಪ್ರಮಾಣವನ್ನು ಪ್ರತಿ ಕೇರಿಯ ಮನೆಗಳ ಸಂಖ್ಯೆಯಿಂದ ಗುಣಿಸುತ್ತಾರೆ. ಹಾಗೆ ಮಾಡಿದರೆ ಎಲ್ಲ ಕೇರಿಗೂ ಒಂದೇ ಬಣ್ಣ ಬರುತ್ತದಲ್ಲ? ಅದನ್ನು ಮುಚ್ಚಲು ಉಪಗ್ರಹ ಚಿತ್ರದಲ್ಲಿ ಮಾಡಿನ ಬಣ್ಣ ನೋಡಿ ಆಚೀಚೆ ಸರಿಸುತ್ತಾರೆ. ಹೊಸ ತಗಡು ಮೇಲಿನಿಂದ ಫಳಫಳ ಹೊಳೆಯುತ್ತದೆ, ಹಂಚು ಪಾಚಿಗಟ್ಟಿ ಕಪ್ಪಾಗಿ ಕಾಣುತ್ತದೆ. ಹೊಳೆದದ್ದು ಶ್ರೀಮಂತ, ಕಪ್ಪಾದದ್ದು ಬಡವ! ಇದಕ್ಕೆ ಈಗ ಕೃತಕ ಬುದ್ಧಿಮತ್ತೆ ಎಂಬ ಹೆಸರು ಬೇರೆ.

ಮಾರಿಷಸ್‌ನವರ ಸೂಚ್ಯಂಕದಲ್ಲಿ ದೋಷವಿಲ್ಲ. ಅಲ್ಲಿನ ಅಂಕಿಅಂಶ ಇಲಾಖೆ ತನ್ನದೇ ಜನಗಣತಿಯ ಹನ್ನೆರಡು ಅಂಶಗಳನ್ನು ಹಿಡಿದು ವಸತಿ, ಶಿಕ್ಷಣ, ಉದ್ಯೋಗಗಳ ಸಾಪೇಕ್ಷ ಅಭಿವೃದ್ಧಿ ಸೂಚ್ಯಂಕ ಕಟ್ಟಿತು. ನಗರದ ವಾರ್ಡು, ಹಳ್ಳಿಯ ಮಂಡಳಿ ಸೇರಿ ನೂರಕ್ಕೂ ಹೆಚ್ಚು ಘಟಕಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿತು. ಅಷ್ಟು ಘಟಕಗಳಿದ್ದರೆ ಯಾವ ಅಂಶಕ್ಕೆ ಎಷ್ಟು ತೂಕ ಎಂಬುದನ್ನು ಅಂಕಿಗಳಿಂದಲೇ ತೆಗೆಯುವ ಲೆಕ್ಕಕ್ಕೆ ಅರ್ಥವಿದೆ. ಐದು ಕೇರಿಗೆ ಹನ್ನೆರಡು ಅಂಶ ಹೇರಿದರೆ ಬರುವ ತೂಕ ಕವಡೆ ಹಾಕಿ ತೆಗೆದದ್ದಕ್ಕಿಂತ ಹೆಚ್ಚೇನಲ್ಲ. ಇಂಗ್ಲೆಂಡಿನ ಟೌನ್‌ಸೆಂಡ್ ಸೂಚ್ಯಂಕವನ್ನು ತರುವವರೂ ಇದ್ದಾರೆ. ನಿರುದ್ಯೋಗ, ಸ್ವಂತ ಮನೆ ಇಲ್ಲದಿರುವುದು, ಕೋಣೆಗೆ ಮೀರಿದ ಜನ, ಕಾರು ಇಲ್ಲದಿರುವುದು ಎಂದು ಅದರಲ್ಲಿ ನಾಲ್ಕು ಅಂಶ. ತಾರಿ ದೋಣಿಯಲ್ಲಿ ದಾಟುವ ಕುರ್ವೆಯಲ್ಲಿ ಕಾರು ಇಲ್ಲದಿರುವುದು ಬಡತನದ ಗುರುತಾದರೆ ನಿಮ್ಮ ಊರ ಗಟ್ಟಿ ಕುಳವೂ ದಟ್ಟ ದರಿದ್ರನೇ.

ನಮ್ಮ ಜನಗಣತಿಯ ಪ್ರಶ್ನೆಗಳೂ ಕುರ್ವೆಯನ್ನು ಮನಸ್ಸಿನಲ್ಲಿಟ್ಟು ಬರೆದವಲ್ಲ. 2011ರ ಗಣತಿಯ ಮೊದಲ ಹಂತವಾದ ಮನೆಪಟ್ಟಿಯ ಆಸ್ತಿಗಳ ಸಾಲಿನಲ್ಲಿ ರೇಡಿಯೊ, ಟಿವಿ, ಕಂಪ್ಯೂಟರ್, ದೂರವಾಣಿ, ಸೈಕಲ್ಲು, ಸ್ಕೂಟರು, ಕಾರು ಇವೆ. ದೋಣಿ ಇಲ್ಲ. ಸ್ವಂತ ಪಾತಿದೋಣಿ ಇರುವ ಮನೆಗೂ ರಾತ್ರಿ ಹೆರಿಗೆ ನೋವು ಬಂದಾಗ ಆಚೆ ದಡಕ್ಕೆ ಕೂಗು ಹಾಕಿ ಕಾಯುವ ಮನೆಗೂ ಆ ಕೋಷ್ಟಕದಲ್ಲಿ ವ್ಯತ್ಯಾಸವೇ ಇಲ್ಲ. ಮಾಡಿನದ್ದೂ ಅಷ್ಟೇ. ಕಾಂಕ್ರೀಟು ಮೇಲು, ಯಂತ್ರದ ಹಂಚು ಅದಕ್ಕಿಂತ ಕೆಳಗೆ ಎಂದು ಸೂಚ್ಯಂಕ ಕಟ್ಟುವವರು ಅಂಕ ಕೊಡುತ್ತಾರೆ. ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚು ಇರುವ ಮನೆ ನಮ್ಮ ಮಳೆಗೂ ಸೆಕೆಗೂ ಎಷ್ಟು ಹೊಂದುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ತಾರಸಿಯಿಂದ ಸಿಮೆಂಟಿನ ಹೆಕ್ಕಳ ಉದುರುವ ಮನೆಯೂ ಅವರ ಪಟ್ಟಿಯಲ್ಲಿ ಪ್ರಥಮ ದರ್ಜೆ.

ನೀರಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಕುಡಿಯುವ ನೀರು ಮನೆಯ ಆವರಣದಲ್ಲಿದೆಯೇ, ಸಮೀಪದಲ್ಲಿದೆಯೇ, ದೂರದಲ್ಲಿದೆಯೇ ಎಂದು ಗಣತಿ ಕೇಳುತ್ತದೆ. ಗ್ರಾಮಾಂತರದಲ್ಲಿ 500 ಮೀಟರ್ ಒಳಗಿದ್ದರೆ ‘ಸಮೀಪ’. ಕೊಡಪಾನಗಳನ್ನು ದೋಣಿಗಿಟ್ಟು, ಹೊಳೆ ದಾಟಿ, ಆಚೆ ದಡದ ನಲ್ಲಿಯಲ್ಲಿ ತುಂಬಿಸಿ, ಇಳಿತದ ಹೊತ್ತಿಗೆ ಮೊಣಕಾಲುದ್ದ ಕೆಸರಿನಲ್ಲಿ ಕಾಲಿಟ್ಟು ಮೇಲೆ ಹತ್ತಿಸುವ ಹೆಂಗಸಿನ ನೀರೂ ಆ 500 ಮೀಟರಿನೊಳಗಿದ್ದರೆ ಸಮೀಪವೇ. ಬಾವಿಯ ಬಗ್ಗೆ ಕೇಳುವುದು ಮುಚ್ಚಿದ್ದೋ ತೆರೆದದ್ದೋ ಎಂದು. ಉಪ್ಪೋ ಸಿಹಿಯೋ ಎಂದು ಕೇಳುವುದಿಲ್ಲ. ಕುರ್ವೆಯಲ್ಲಿ ಮಳೆಯ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲಿ ನಿಂತಿರುತ್ತದೆ. ದೀಪಾವಳಿಯ ಹೊತ್ತಿಗೆ ಸಕ್ಕರೆಯಂತಿದ್ದ ಬಾವಿ ಏಪ್ರಿಲ್ ಬರುವಷ್ಟರಲ್ಲಿ ತಳ ಹಿಡಿಯುತ್ತದೆ. ಕೊಡಪಾನವನ್ನು ಮೆಲ್ಲಗೆ ಮೇಲ್ಮೈಯಲ್ಲೇ ಒರಗಿಸಿ ತುಂಬಿದರೆ ಕುಡಿಯಬಹುದು, ಆಳಕ್ಕೆ ಬಿಟ್ಟರೆ ಬೇಳೆಯೂ ಬೇಯುವುದಿಲ್ಲ. ಅಂಥ ಬಾವಿಗೆ ಪಂಪು ಕೂರಿಸಿ ಒಂದೇ ಸಮನೆ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ, ನೆರೆಮನೆಯ ಬಾವಿಯೂ ಹಾಳು. ಕೇರಿ ಕೇರಿಗೂ ಬದುಕಿನಲ್ಲಿ ವ್ಯತ್ಯಾಸ ಇರುವುದು ಇಲ್ಲಿ. ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಾದ ಗಜನಿಯ ಅಂಚಿನ ಕೇರಿಯ ಬಾವಿ ಮಾರ್ಚಿಗೇ ಉಪ್ಪಾದರೆ ನಡುದಿಬ್ಬದ ಕೇರಿಯದು ಮಳೆ ಬರುವ ತನಕ ಎಳೆಯಬಹುದು. ಇದು ನಕ್ಷೆಗೆ ಬರದಿದ್ದರೆ ಆ ನಕ್ಷೆ ಯಾತಕ್ಕೆ?

ಆದ್ದರಿಂದ ಎಣಿಕೆ ನೀವೇ ಮಾಡಬೇಕು. ನೂರಮೂವತ್ತು ಮನೆಗೆ ಸಂಸ್ಥೆ ಯಾಕೆ ಬೇಕು ಮಾರಾಯರೇ? ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು, ಇಬ್ಬರು ಕಾಲೇಜು ಹುಡುಗರು ಸಾಕು. ಜನಗಣತಿಯ ಮನೆಪಟ್ಟಿಯ ಪ್ರಶ್ನೆಗಳನ್ನು ಅದೇ ಪದಗಳಲ್ಲಿ, ಅದೇ ಆಯ್ಕೆಗಳೊಂದಿಗೆ ಕೇಳಿ; ಆಗ ನಿಮ್ಮ ಒಟ್ಟು ಮೊತ್ತವನ್ನು ಗ್ರಾಮದ ಹಳೆಯ ಸಾಲಿನ ಪಕ್ಕ ಇಟ್ಟು ನೋಡಬಹುದು. ಜನಗಣತಿಯಿಂದ ನಿಮಗೆ ಆಗುವ ಉಪಕಾರ ಇಷ್ಟೇ, ಆದರೆ ಸಣ್ಣದಲ್ಲ. ಅದರ ಕೆಳಗೆ ನಿಮ್ಮ ಪ್ರಶ್ನೆಗಳನ್ನು ಸೇರಿಸಿ: ಸ್ವಂತ ದೋಣಿ ಇದೆಯೇ, ಬಾವಿ ಯಾವ ತಿಂಗಳಿಗೆ ಉಪ್ಪಾಗುತ್ತದೆ, ಮನೆಯಿಂದ ತಾರಿಕಟ್ಟೆಗೆ ಮಳೆಗಾಲದಲ್ಲಿ ಕಾಲು ಒದ್ದೆಯಾಗದೆ ಬರಬಹುದೇ, ನೆರೆ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತು. ಕೊನೆಯದಕ್ಕೆ ಗೋಡೆಯ ಮೇಲಿನ ಗುರುತು ತೋರಿಸಿ ಎನ್ನಿ, ಬಾಯಿಮಾತು ಬೇಡ. ಉಪ್ಪಿಗೂ ನಾಲಿಗೆಯನ್ನು ನಂಬಬೇಡಿ. ಹುಟ್ಟಿನಿಂದ ಅದೇ ನೀರು ಕುಡಿದವರಿಗೆ ಅದು ಸಿಹಿಯೇ. ನೀರಿನಲ್ಲಿ ಕರಗಿದ ಲವಣ ಅಳೆಯುವ ಪೆನ್ನಿನಂಥ ಟಿಡಿಎಸ್ ಮೀಟರು ಅಂಗಡಿಯಲ್ಲಿ ಸಿಗುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದಲ್ಲಿ 2000ದವರೆಗೆ ಸಹಿಸಬಹುದು. ಮೇ ತಿಂಗಳಲ್ಲಿ ಅಳೆಯಿರಿ, ಭರತದ ಹೊತ್ತಿಗೊಮ್ಮೆ, ಇಳಿತದ ಹೊತ್ತಿಗೊಮ್ಮೆ. ಆದರೆ ಆ ಮೀಟರು ಉಪ್ಪನ್ನು ಹೇಳುತ್ತದೆಯೇ ಹೊರತು ಕೊಳಕನ್ನಲ್ಲ. ಅದನ್ನು ನೀರಿಗೆ ಅದ್ದಿ ‘ಶುದ್ಧವಲ್ಲ’ ಎಂದು ಹೆದರಿಸಿ ಫಿಲ್ಟರ್ ಮಾರಲು ಬರುವವರನ್ನು ಅದೇ ದೋಣಿಯಲ್ಲಿ ವಾಪಸು ಕಳುಹಿಸಿ.

ಇನ್ನು ಶೇಕಡಾ ರೋಗ. ಒಂಬತ್ತು ಮನೆಯ ಕೇರಿಯಲ್ಲಿ ಒಂದು ಮನೆಗೆ ನಲ್ಲಿ ಬಂದರೆ ಶೇಕಡಾ 11 ಏರಿಕೆ! ಇಪ್ಪತ್ತನಾಲ್ಕು ಮನೆಯ ಕೇರಿಯಲ್ಲಿ ಅದೇ ಒಂದು ಮನೆ ಶೇಕಡಾ 4. ಸಣ್ಣ ಕೇರಿ ಯಾವಾಗಲೂ ಪಟ್ಟಿಯ ತುತ್ತತುದಿಯಲ್ಲೋ ತಳದಲ್ಲೋ ಕಾಣುತ್ತದೆ. ಅದು ಕೇರಿಯ ಗುಣವಲ್ಲ, ಭಾಗಾಕಾರದ ಗುಣ. ‘ಒಂಬತ್ತರಲ್ಲಿ ಮೂರು ಮನೆ’ ಎಂದೇ ಬರೆಯಿರಿ. ಎಲ್ಲವನ್ನೂ ಕೂಡಿಸಿ ಒಂದೇ ಅಂಕ ತೆಗೆಯಲೇಬೇಡಿ. ನೀರಿಗೆ ಒಂದು ನಕ್ಷೆ, ದಾರಿಗೆ ಒಂದು, ನೆರೆಗೆ ಒಂದು. ಗ್ರಾಮಸಭೆ ಕೆಲಸ ಮಂಜೂರು ಮಾಡುವುದು ಪೈಪಿಗೆ, ಕಾಲುಸಂಕಕ್ಕೆ, ದರೆಗೋಡೆಗೆ. ಸೂಚ್ಯಂಕಕ್ಕೆ ಯಾರೂ ಬಿಲ್ಲು ಮಾಡುವುದಿಲ್ಲ.

ನಕ್ಷೆ ಬರೆಯುವಾಗ ಕೇರಿಯ ಗಡಿಯೊಳಗೆಲ್ಲ ಬಣ್ಣ ತುಂಬಬೇಡಿ. ಗಜನಿಗದ್ದೆ ಇರುವ ಕೇರಿ ವಿಸ್ತಾರದಲ್ಲಿ ದೊಡ್ಡದು, ಮನೆಗಳು ಒಂದು ಮೂಲೆಯಲ್ಲಿ. ಉಪ್ಪು ತಾಳುವ ಕಗ್ಗದ ಭತ್ತವೋ ಸಿಗಡಿಯೋ ಬೆಳೆಯುವ ನೀರೆಲ್ಲ ಕೆಂಪಾಗಿ ಕಂಡರೆ ಅರ್ಧ ಕುರ್ವೆಗೆ ಬೆಂಕಿ ಬಿದ್ದಂತೆ. ಕಂದಾಯ ಇಲಾಖೆಯ ಗ್ರಾಮನಕ್ಷೆ ಹಿಡಿದು ಮನೆಗಳಿರುವ ನೆಲದ ಪಟ್ಟಿಯನ್ನಷ್ಟೇ ಗುರುತಿಸಿ. ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರು ತಾಳೆ ನೋಡಬಹುದು. ಆ ಪಟ್ಟಿಯೊಳಗೆ ಮನೆಗೊಂದು ಚುಕ್ಕಿ ಇಡಿ, ಆದರೆ ಮನೆ ಇರುವ ಜಾಗದಲ್ಲಿ ಅಲ್ಲ, ಪಟ್ಟಿಯೊಳಗೆ ಎಲ್ಲಾದರೂ ಚದುರಿಸಿ. ಈ ವಿಷಯದಲ್ಲಿ ನಾನು ಹಠಮಾರಿ. ಶೌಚಾಲಯ ಇಲ್ಲದ ಮನೆ ಯಾವುದೆಂದು ಚುಕ್ಕಿ ನೋಡಿ ಬೆರಳು ತೋರಿಸುವಂತಾದರೆ ಆ ಮನೆಯ ಹುಡುಗಿ ಶಾಲೆಯಲ್ಲಿ ಮಾತು ಕೇಳಬೇಕಾಗುತ್ತದೆ. ನಮ್ಮಲ್ಲಿ ಕೇರಿಯ ಹೆಸರು ಹೇಳಿದರೆ ಜಾತಿಯೂ ಹೇಳಿದಂತೆ. ಅಂಥ ಕೇರಿಗೆ ಕಡುಗೆಂಪು ಬಳಿದು ವಾಟ್ಸ್‌ಆ್ಯಪಿಗೆ ಹಾಕಿದ ಮೇಲೆ ‘ನಾವು ಸೌಕರ್ಯದ ಕೊರತೆ ತೋರಿಸಿದ್ದು’ ಎಂದರೆ ಯಾರು ಕೇಳುತ್ತಾರೆ? ನಕ್ಷೆಯನ್ನು ಮೊದಲು ಆಯಾ ಕೇರಿಯವರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಸಭೆಗೆ ತನ್ನಿ. ಮನೆಮನೆಯ ಹಾಳೆಗಳು ಒಬ್ಬರ ಬಳಿ ಬೀಗದಲ್ಲಿರಲಿ. ಆ ಒಬ್ಬರು ಚುನಾವಣೆಗೆ ನಿಲ್ಲುವವರಾಗಿರದಿರಲಿ.

ಪ್ರಶ್ನೆ: ಶಿರಸಿ ನಗರಕ್ಕೆ ಜನಗಣತಿಯ ವಾರ್ಡುವಾರು ಅಂಕಿ ಸಾಕೇ?

ಸಾಕು, ವಾರ್ಡಿನ ಗಡಿ 2011ರದ್ದೇ ಬಳಸಿದರೆ. ಹಳೆಯ ಅಂಕಿಯನ್ನು ಇಂದಿನ ವಾರ್ಡಿನ ಗಡಿಗೆ ತುಂಬಿದ ನಕ್ಷೆಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ.

ಪ್ರಶ್ನೆ: 2011ರದ್ದು ಹಳತಾಯಿತಲ್ಲ, ಹೊಸ ಗಣತಿಯ ಅಂಕಿ ಬರುವ ತನಕ ಕಾಯುವುದು ಒಳ್ಳೆಯದಲ್ಲವೇ?

ಹಳತಾದದ್ದು ನಿಜ. ಆ ಮನೆಪಟ್ಟಿ ನಡೆದದ್ದು 2010ರಲ್ಲಿ. ಸ್ವಚ್ಛ ಭಾರತ 2014ರಲ್ಲಿ, ಉಜ್ವಲಾ ಗ್ಯಾಸು 2016ರಲ್ಲಿ, ಜಲಜೀವನದ ನಲ್ಲಿ 2019ರಲ್ಲಿ ಶುರುವಾದವು. ಶೌಚಾಲಯ, ಒಲೆ, ನಲ್ಲಿ ಈ ಮೂರರ ಬಗ್ಗೆ 2011ರ ಕೋಷ್ಟಕ ತೋರಿಸಿ ಇಂದಿನ ಮಾತಾಡುವವರನ್ನು ಅಲ್ಲಿಯೇ ತಡೆಯಿರಿ. ಹೊಸ ಗಣತಿಯ ಆಧಾರ ದಿನ 2027ರ ಮಾರ್ಚ್ 1. ಅದರ ಗ್ರಾಮಮಟ್ಟದ ಅಂಕಿ ಪ್ರಕಟವಾದಾಗ ನಿಮ್ಮ ಒಟ್ಟು ಮೊತ್ತದ ಪಕ್ಕ ಅದನ್ನು ಇಟ್ಟು ನೋಡಿ. ಆದರೆ ಕೇರಿವಾರು ಪಟ್ಟಿಗಾಗಿ ಅದನ್ನು ಕಾಯಬೇಡಿ, ಬಾವಿ ಯಾವಾಗ ಉಪ್ಪಾಯಿತೆಂಬುದಕ್ಕೂ ಕಾಯಬೇಡಿ. ಮೀಟರು ತರಿಸಿಟ್ಟುಕೊಂಡು ಈ ಬೇಸಗೆಯ ಭರತ ಇಳಿತದ ಸಮಯವನ್ನು ಮೀನುಗಾರರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಮೊದಲ ಮಳೆ ಬಿದ್ದ ಮೇಲೆ ಅಳೆದ ಬಾವಿಯ ಲೆಕ್ಕ ಕಳುಹಿಸಿದರೆ ನಾನು ನೋಡುವುದಿಲ್ಲ.